ಡಾಕ್ಟರ ಹೆಸರು ಆಮೇಲೆ, ಮೊದಲು ಲೇಬರ್ ರೂಮಿನ ಲೆಕ್ಕ ಕೇಳಿ

ಪರದೇಶದಲ್ಲಿದ್ದು ಸಹಜ ಹೆರಿಗೆಗೆ ಡಾಕ್ಟರನ್ನು ಹುಡುಕುತ್ತಿರುವ ಗರ್ಭಿಣಿಯರಿಗೂ ಅವರ ಮನೆಯವರಿಗೂ ಒಂದು ಬಹಿರಂಗ ಪತ್ರ

ನಮಸ್ಕಾರ.

ಹೊಸ ದೇಶದಲ್ಲಿ ಬಸಿರು ನಿಂತ ಕೂಡಲೇ ಎಲ್ಲರೂ ಕೇಳುವ ಪ್ರಶ್ನೆ ಒಂದೇ: "ನಾರ್ಮಲ್ ಡೆಲಿವರಿಗೆ ಒಳ್ಳೆ ಡಾಕ್ಟರ್ ಯಾರಿದ್ದಾರೆ?" ಪರಿಚಯದವರಿಂದ ನಾಲ್ಕಾರು ಹೆಸರು ಸಿಗುತ್ತವೆ, ಜೊತೆಗೆ "ನಗುನಗುತ್ತಾ ಮಾತಾಡಿಸುತ್ತಾರೆ, ಅವಸರ ಮಾಡುವುದಿಲ್ಲ" ಎಂಬ ಶಿಫಾರಸೂ. ಆದರೆ ಎಷ್ಟೋ ಆಸ್ಪತ್ರೆಗಳಲ್ಲಿ ತಿಂಗಳುಗಟ್ಟಲೆ ತಪಾಸಣೆ ಮಾಡುವವರೇ ಬೇರೆ, ನೋವು ಬಂದ ರಾತ್ರಿ ಡ್ಯೂಟಿಯಲ್ಲಿರುವವರೇ ಬೇರೆ. ನಿಮ್ಮ ಡಾಕ್ಟರ್ ಎಷ್ಟೇ ತಾಳ್ಮೆಯವರಾದರೂ ಆ ಹೊತ್ತಿಗೆ ಮನೆಯಲ್ಲಿ ಮಲಗಿದ್ದರೆ, ನಿಮ್ಮನ್ನು ನೋಡಿಕೊಳ್ಳುವುದು ಆ ಆಸ್ಪತ್ರೆಯ ರೂಢಿ. ಆದ್ದರಿಂದ ವ್ಯಕ್ತಿಗಿಂತ ಮೊದಲು ಲೇಬರ್ ರೂಮನ್ನು ಆರಿಸಿ ಎಂದು ಹೇಳಲು ಈ ಪತ್ರ.

ಮೊದಲ ಕೆಲಸ, ಆ ದೇಶದಲ್ಲಿ ಹೆರಿಗೆ ಯಾರ ಕೈಯಲ್ಲಿದೆ ಎಂದು ತಿಳಿಯುವುದು. ನೆದರ್ಲೆಂಡ್ಸ್‌ನಲ್ಲಿ ಬಿಪಿ, ಹಳೆಯ ಸಿಸೇರಿಯನ್ ಮುಂತಾದ ತೊಡಕಿಲ್ಲದ ಬಸುರಿಯನ್ನು ಮೊದಲಿಂದ ಕೊನೆಯವರೆಗೆ ನೋಡಿಕೊಳ್ಳುವವರು ಮಿಡ್‌ವೈಫ್‌ಗಳು, ಅಂದರೆ ಹೆರಿಗೆ ಮಾಡಿಸಲೆಂದೇ ತರಬೇತಿ ಪಡೆದವರು. ತೊಡಕು ಕಂಡಾಗಷ್ಟೇ ತಜ್ಞ ವೈದ್ಯರ ಬಳಿ ಕಳಿಸುತ್ತಾರೆ. ಬ್ರಿಟನ್ನಿನಲ್ಲೂ ಹೆಚ್ಚುಕಡಿಮೆ ಹೀಗೇ. ನ್ಯೂಜಿಲೆಂಡಿನಲ್ಲಿ ಗರ್ಭಿಣಿ ತನ್ನ ಮುಖ್ಯ ಆರೈಕೆದಾರರನ್ನು ತಾನೇ ಆರಿಸಿಕೊಳ್ಳುತ್ತಾಳೆ, ಬಹುಪಾಲು ಅವರು ಮಿಡ್‌ವೈಫ್ ಆಗಿರುತ್ತಾರೆ. ಜರ್ಮನಿಯಲ್ಲಿ ಡಾಕ್ಟರ್ ಇದ್ದರೂ ಪ್ರತಿ ಹೆರಿಗೆಯಲ್ಲಿ ಮಿಡ್‌ವೈಫ್ ಇರಲೇಬೇಕೆಂದು ಕಾನೂನಿದೆ. ಅಮೆರಿಕದಲ್ಲಿ ಹೆಚ್ಚಿನ ಹೆರಿಗೆ ಡಾಕ್ಟರುಗಳದ್ದೇ, ಆದರೂ ಹಲವು ಆಸ್ಪತ್ರೆಗಳಲ್ಲಿ ಸರ್ಟಿಫೈಡ್ ನರ್ಸ್ ಮಿಡ್‌ವೈಫ್‌ಗಳಿದ್ದಾರೆ. ಮಿಡ್‌ವೈಫ್ ಎಂದರೆ ಡಾಕ್ಟರ್ ಸಿಗದವರಿಗೆ ಸಿಗುವ ಎರಡನೇ ದರ್ಜೆಯವರು ಎಂದುಕೊಂಡು ಸ್ತ್ರೀರೋಗ ತಜ್ಞರನ್ನೇ ಹುಡುಕುತ್ತಾ ಕೂತರೆ, ಅಷ್ಟರಲ್ಲಿ ಮಿಡ್‌ವೈಫ್‌ಗಳ ಪಟ್ಟಿ ತುಂಬಿಹೋಗಿರುತ್ತದೆ. ಟೆಸ್ಟ್ ಪಾಸಿಟಿವ್ ಬಂದ ವಾರವೇ ಫೋನ್ ಮಾಡುವುದು ಒಳ್ಳೆಯದು.

ಮೊದಲ ಭೇಟಿಯಲ್ಲಿ ಮೂರು ವಿಷಯ ಕೇಳಿ. ಹೆರಿಗೆಯ ಹೊತ್ತಿಗೆ ನೀವೇ ಬರುತ್ತೀರಾ, ಸರದಿಯವರು ಬರುತ್ತಾರಾ? ಸರದಿಯಲ್ಲಿ ಎಷ್ಟು ಜನ, ಅವರನ್ನು ಮೊದಲೇ ಭೇಟಿ ಮಾಡಬಹುದಾ? ನೋವು ತಿನ್ನುವ ಹೊತ್ತಿನಲ್ಲಿ ಒಬ್ಬ ಮಿಡ್‌ವೈಫ್ ಅಥವಾ ನರ್ಸ್ ಎಷ್ಟು ಜನರನ್ನು ನೋಡಿಕೊಳ್ಳುತ್ತಾರೆ? ಈ ಮೂರನೆಯದನ್ನು ಹೆಚ್ಚಿನವರು ಕೇಳುವುದೇ ಇಲ್ಲ. ಒಬ್ಬರ ಮೇಲೆ ಮೂರ್ನಾಲ್ಕು ಹಾಸಿಗೆ ಇದ್ದರೆ ಬೆನ್ನು ತಿಕ್ಕುವುದಕ್ಕೂ ಭಂಗಿ ಬದಲಿಸಲು ಕೈ ಕೊಡುವುದಕ್ಕೂ ಪುರಸೊತ್ತಿರುವುದಿಲ್ಲ, ಹೊಟ್ಟೆಗೆ ಬೆಲ್ಟ್ ಕಟ್ಟಿ ಮಗುವಿನ ಹೃದಯಬಡಿತವನ್ನು ದೂರದ ಸ್ಕ್ರೀನಿನಲ್ಲಿ ನೋಡುವುದೇ ಅವರಿಗೆ ಉಳಿಯುವ ದಾರಿ.

ಆಮೇಲೆ ಲೆಕ್ಕ. "ನಿಮ್ಮಲ್ಲಿ ಸಿಸೇರಿಯನ್ ಶೇಕಡಾ ಎಷ್ಟು?" ಎಂದು ಬರಿದೆ ಕೇಳಿದರೆ ಸಿಗುವ ಸಂಖ್ಯೆ ದಾರಿ ತಪ್ಪಿಸುತ್ತದೆ. ಸುತ್ತಲಿನ ಕಷ್ಟದ ಕೇಸುಗಳೆಲ್ಲ ಬಂದು ಸೇರುವ ದೊಡ್ಡ ಆಸ್ಪತ್ರೆಯಲ್ಲಿ ಒಟ್ಟು ಪ್ರಮಾಣ ಹೆಚ್ಚೇ ಇರುತ್ತದೆ. ಕಷ್ಟದವರನ್ನು ಬೇರೆಡೆಗೆ ಸಾಗಹಾಕುವ ಚಿಕ್ಕ ಆಸ್ಪತ್ರೆಯಲ್ಲಿ ಕಡಿಮೆ ಕಾಣುತ್ತದೆ. ನೀವು ಕೇಳಬೇಕಾದದ್ದು ಹೀಗೆ: ಚೊಚ್ಚಲ, ಒಂದೇ ಮಗು, ತಲೆ ಕೆಳಗೆ, 37 ವಾರ ತುಂಬಿದೆ, ನೋವು ತಾನಾಗಿ ಬಂದಿದೆ, ಇಂಥವರಲ್ಲಿ ನೂರಕ್ಕೆ ಎಷ್ಟು ಜನರಿಗೆ ಸಿಸೇರಿಯನ್ ಆಗುತ್ತದೆ? ಇದು ರಾಬ್ಸನ್ ವರ್ಗೀಕರಣದ ಮೊದಲ ಗುಂಪು. ಪ್ರಸೂತಿ ತಜ್ಞ ಮೈಕೆಲ್ ರಾಬ್ಸನ್ 2001ರಲ್ಲಿ ಎಲ್ಲ ಹೆರಿಗೆಗಳನ್ನೂ ಹತ್ತು ಗುಂಪಾಗಿ ವಿಂಗಡಿಸಿದರು. ಆಸ್ಪತ್ರೆ ಆಸ್ಪತ್ರೆಗಳನ್ನು ಹೋಲಿಸಲು ಇದನ್ನೇ ಬಳಸಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿತು. ಮೊದಲ ಗುಂಪಿನಲ್ಲಿ ಶೇ. 10ಕ್ಕಿಂತ ಕೆಳಗಿರಲು ಸಾಧ್ಯ ಎಂಬುದು ಆ ಸಂಸ್ಥೆಯ ಕೈಪಿಡಿಯ ಮಾತು. ಇಂಥ ಚೊಚ್ಚಲಿನವರಲ್ಲೇ ನೋವು ಬರಿಸಿದವರೂ ನೋವಿಗೆ ಮೊದಲೇ ಆಪರೇಷನ್ ಆದವರೂ ಎರಡನೇ ಗುಂಪು, ಹಿಂದೆ ಸಿಸೇರಿಯನ್ ಆದವರು ಐದನೇ ಗುಂಪು. ಅಮೆರಿಕದಲ್ಲಿ ಮೊದಲೆರಡು ಗುಂಪನ್ನು ಸೇರಿಸಿ ಒಂದೇ ಸಂಖ್ಯೆಯಾಗಿ ಎಣಿಸುವುದು ರೂಢಿ, ಅಲ್ಲಿನ ಸರ್ಕಾರ 2030ಕ್ಕೆ ಇಟ್ಟುಕೊಂಡ ಗುರಿ ಶೇ. 23.6. ಎರಡು ದೇಶದ ಸಂಖ್ಯೆ ಹೋಲಿಸುವಾಗ ಯಾವ ಗುಂಪಿನದೆಂದು ನೋಡದಿದ್ದರೆ ಸುಮ್ಮನೆ ಗಾಬರಿಯಾಗುತ್ತೀರಿ.

ಇಷ್ಟೆಲ್ಲ ಕೇಳಿದರೆ ಅಧಿಕಪ್ರಸಂಗ ಎನ್ನುತ್ತಾರೇನೋ ಎಂಬ ಅಳುಕು ಬೇಡ. ಬ್ರೆಜಿಲಿನಲ್ಲಿ ಖಾಸಗಿ ವಿಮೆಯ ಗರ್ಭಿಣಿ ಕೇಳಿದರೆ ಆಸ್ಪತ್ರೆಯದೂ ಡಾಕ್ಟರದೂ ಸಿಸೇರಿಯನ್ ಪ್ರಮಾಣವನ್ನು 15 ದಿನದೊಳಗೆ ಕೊಡಬೇಕೆಂದು 2015ರಿಂದ ನಿಯಮವಿದೆ. ನ್ಯೂಯಾರ್ಕ್ ರಾಜ್ಯದ ಆಸ್ಪತ್ರೆಗಳು ಇಂಥ ಅಂಕಿಗಳ ಕರಪತ್ರವನ್ನು ಗರ್ಭಿಣಿಯರಿಗೆ ಕೊಡಬೇಕೆಂದು 1989ರ ಕಾನೂನೇ ಹೇಳುತ್ತದೆ. ಲೆಕ್ಕ ಇಟ್ಟವರು ತೋರಿಸುತ್ತಾರೆ. "ಅದೆಲ್ಲ ನಿಮಗ್ಯಾಕೆ" ಎಂದವರು ಲೆಕ್ಕವನ್ನೇ ಇಟ್ಟಿಲ್ಲ, ಇಲ್ಲವೇ ತೋರಿಸಲು ಇಷ್ಟವಿಲ್ಲ. ಮಗುವಿನ ತಲೆ ಹಿಡಿದೆಳೆಯಲು ವ್ಯಾಕ್ಯೂಮ್, ಫೋರ್ಸೆಪ್ಸ್ ಹಾಕಿದ್ದನ್ನೂ ಯೋನಿದ್ವಾರ ಅಗಲಿಸಲು ಎಪಿಸಿಯಾಟಮಿ ಕೊಯ್ದದ್ದನ್ನೂ "ನಾರ್ಮಲ್" ಪಟ್ಟಿಗೇ ಸೇರಿಸುವವರಿದ್ದಾರೆ, ಆದ್ದರಿಂದ ಅವುಗಳ ಸಂಖ್ಯೆಯನ್ನು ಬೇರೆಯಾಗಿಯೇ ಕೇಳಿ.

ಒಂದು ಎಚ್ಚರಿಕೆ. "ಸಿಸೇರಿಯನ್ ಶೇ. 10 ಮೀರಬಾರದು ಅಂತ ಡಬ್ಲ್ಯುಎಚ್‌ಒ ಹೇಳಿದೆಯಲ್ಲ" ಎಂದು ಡಾಕ್ಟರ ಮುಂದೆ ವಾದಕ್ಕೆ ನಿಲ್ಲಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ 2015ರ ಹೇಳಿಕೆಯಲ್ಲಿರುವುದು, ಇಡೀ ಜನಸಂಖ್ಯೆಯ ಮಟ್ಟದಲ್ಲಿ ಪ್ರಮಾಣ ಶೇ. 10 ದಾಟಿದ ಮೇಲೆ ತಾಯಿ ಮತ್ತು ನವಜಾತ ಶಿಶುವಿನ ಸಾವು ಇಳಿದದ್ದು ಕಾಣುವುದಿಲ್ಲ ಎಂದು. ಒಂದು ಆಸ್ಪತ್ರೆಗೆ ಹಾಕಿದ ಮಿತಿ ಅದಲ್ಲ. ಬೇಕಾದವರಿಗೆ ಸಿಸೇರಿಯನ್ ಸಿಗಲೇಬೇಕು ಎಂಬುದೂ ಅದೇ ಹೇಳಿಕೆಯಲ್ಲಿದೆ.

ಇನ್ನು ಪ್ರಶ್ನೆಗಳು. "ನೀವು ಸಹಜ ಹೆರಿಗೆಗೆ ಸಪೋರ್ಟ್ ಮಾಡುತ್ತೀರಾ?" ಎಂದರೆ ಲೋಕದಲ್ಲಿ ಯಾವ ಡಾಕ್ಟರೂ ಇಲ್ಲ ಎನ್ನುವುದಿಲ್ಲ. ಸನ್ನಿವೇಶ ಕೊಟ್ಟು ಕೇಳಿ.

"ಗರ್ಭಕೋಶದ ಬಾಯಿ 4 ಸೆಂಟಿಮೀಟರ್ ತೆರೆದಾಗ ನಾನು ಬಂದು, ನಾಲ್ಕು ಗಂಟೆ ಕಳೆದರೂ 5 ಆಗಲಿಲ್ಲ. ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆ. ಏನು ಮಾಡುತ್ತೀರಿ?" ಗಂಟೆಗೊಂದು ಸೆಂಟಿಮೀಟರ್ ತೆರೆದುಕೊಳ್ಳಬೇಕೆಂಬ ಹಳೆಯ ಲೆಕ್ಕವನ್ನು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲೇ ಕೈಬಿಟ್ಟಿದೆ, ಹೆರಿಗೆಯ ಚುರುಕಿನ ಹಂತ ಶುರುವಾಗುವುದು 5 ಸೆಂಟಿಮೀಟರಿನಿಂದ, ಅಲ್ಲಿಂದ ಪೂರ್ತಿ ತೆರೆಯಲು ಚೊಚ್ಚಲಿಗೆ 12 ಗಂಟೆಯವರೆಗೂ ಆಗಬಹುದು ಎನ್ನುತ್ತದೆ. ಅಮೆರಿಕದ ಪ್ರಸೂತಿ ತಜ್ಞರ ಸಂಘ 2014ರಲ್ಲಿ ಇನ್ನೂ ಮುಂದೆ ಹೋಗಿ 6 ಸೆಂಟಿಮೀಟರ್ ಎಂದಿತು. ಅವರ ಪ್ರಕಾರ 6 ಆಗಿ, ನೀರು ಒಡೆದು, ನೋವು ಜೋರಾಗಿದ್ದೂ ನಾಲ್ಕು ಗಂಟೆ ಕದಲದಿದ್ದರೆ, ಅಥವಾ ನೋವು ಸಾಲದೆ ಅದನ್ನು ಹೆಚ್ಚಿಸುವ ಆಕ್ಸಿಟೋಸಿನ್ ಡ್ರಿಪ್ ಕೊಟ್ಟೂ ಆರು ಗಂಟೆ ಕದಲದಿದ್ದರೆ, ಆಗ ಮಾತ್ರ "ಹೆರಿಗೆ ನಿಂತಿದೆ" ಎನ್ನಬಹುದು. ಆದ್ದರಿಂದ "ಮನೆಗೆ ಹೋಗಿ, ಓಡಾಡಿ, ತಿನ್ನಿ, ನೋವು ಬಿಗಿಯಾದ ಮೇಲೆ ಬನ್ನಿ" ಎಂಬ ಉತ್ತರ ಬಂದರೆ ಒಳ್ಳೆಯ ಲಕ್ಷಣ. "ಅಡ್ಮಿಟ್ ಮಾಡಿಕೊಂಡು ಡ್ರಿಪ್ ಹಾಕುತ್ತೇವೆ" ಎಂದರೆ ಯೋಚಿಸಿ. ಬೇಗ ಅಡ್ಮಿಟ್ ಆಗುವುದರಲ್ಲೇ ಮುಂದಿನ ಸರಪಳಿ ಶುರುವಾಗುತ್ತದೆ. ಡ್ರಿಪ್ಪಿನಿಂದ ನೋವು ಒಮ್ಮೆಲೇ ಬಿಗಿಯಾಗುತ್ತದೆ, ಅದು ತಡೆಯದೆ ಎಪಿಡ್ಯೂರಲ್ (ಬೆನ್ನಿಗೆ ಕೊಡುವ ನೋವು ನಿವಾರಕ), ಕಾಲು ಮರಗಟ್ಟಿ ಹಾಸಿಗೆಯಲ್ಲೇ ಮಲಗುವುದು, ನೋವಿನ ನಡುವೆ ಬಿಡುವು ಸಾಲದೆ ಮಗುವಿನ ಹೃದಯಬಡಿತ ಇಳಿಯುವುದು.

"ನೀರು ಹೋಯಿತು, ನೋವು ಬಂದಿಲ್ಲ, 38 ವಾರ. ಎಷ್ಟು ಹೊತ್ತು ಕಾಯುತ್ತೀರಿ?" ಸುಮಾರು ಶೇ. 60 ಹೆಂಗಸರಿಗೆ 24 ಗಂಟೆಯೊಳಗೆ ನೋವು ತಾನಾಗಿ ಬರುತ್ತದೆ. ನೀರು ತಿಳಿಯಾಗಿದ್ದು ಜ್ವರ ಇಲ್ಲದಿದ್ದರೆ ಕಾಯುವ ಆಯ್ಕೆ ಕೊಡುವವರಿದ್ದಾರೆ. ನೀರು ಹಸಿರಾಗಿದ್ದರೆ, ಜ್ವರ ಬಂದರೆ, ಅಥವಾ ಜಿಬಿಎಸ್ ಎಂಬ ಬ್ಯಾಕ್ಟೀರಿಯಾ ಪಾಸಿಟಿವ್ ಇದ್ದರೆ ಕಾಯುವ ಮಾತಿಲ್ಲ. ಅಮೆರಿಕದಲ್ಲಿ ಈ ಜಿಬಿಎಸ್ ಪರೀಕ್ಷೆಯನ್ನು ಎಲ್ಲರಿಗೂ 36ರಿಂದ 37 ವಾರದ ನಡುವೆ ಮಾಡುತ್ತಾರೆ, ಬ್ರಿಟನ್ನಿನಲ್ಲಿ ಎಲ್ಲರಿಗೂ ಮಾಡುವುದಿಲ್ಲ. ದೇಶ ಬದಲಾದರೆ ಕೇಳಿ ತಿಳಿಯಿರಿ.

"ಹೃದಯಬಡಿತ ಹೇಗೆ ನೋಡುತ್ತೀರಿ?" ಇದರ ಉತ್ತರ ಇಡೀ ಕೋಣೆಯ ಚಿತ್ರ ಕೊಡುತ್ತದೆ. ಸಿಟಿಜಿ ಯಂತ್ರದಲ್ಲಿ ಹೊಟ್ಟೆಗೆ ಎರಡು ಬೆಲ್ಟ್ ಕಟ್ಟುತ್ತಾರೆ, ಒಂದು ಬಡಿತಕ್ಕೆ, ಇನ್ನೊಂದು ನೋವಿನ ಅಲೆಗೆ. ಮಗ್ಗುಲಾದರೆ, ಮಂಡಿಯೂರಿದರೆ ಬಡಿತದ ಗುಂಡಿ ಜಾರಿ ಗೆರೆ ತುಂಡಾಗುತ್ತದೆ. ನರ್ಸ್ ಬಂದು ಸರಿಮಾಡಿ "ಹೀಗೇ ಮಲಗಿರಿ" ಎನ್ನುತ್ತಾರೆ. ಅಂಗಾತ ಮಲಗಿದರೆ ಗರ್ಭಕೋಶದ ಭಾರ ಬೆನ್ನುಮೂಳೆಯ ಮುಂದಿರುವ ದೊಡ್ಡ ರಕ್ತನಾಳದ ಮೇಲೆ ಬಿದ್ದು ಮಗುವಿಗೆ ಹೋಗುವ ರಕ್ತ ಕಡಿಮೆಯಾಗುತ್ತದೆ, ಆ ಗೆರೆಯೇ ಕೆಡುತ್ತದೆ. ತೊಡಕಿಲ್ಲದವರಿಗೆ ಕೈಯಲ್ಲಿ ಹಿಡಿಯುವ ಡಾಪ್ಲರ್ ಯಂತ್ರ ಇಟ್ಟು ಮೊದಲ ಹಂತದಲ್ಲಿ 15ರಿಂದ 30 ನಿಮಿಷಕ್ಕೊಮ್ಮೆ, ಮುಕ್ಕುವಾಗ 5 ನಿಮಿಷಕ್ಕೊಮ್ಮೆ ಕೇಳಿದರೆ ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆಯ ಶಿಫಾರಸು. ಬಿಡದೆ ಬೆಲ್ಟ್ ಕಟ್ಟಿದರೆ ಸಿಸೇರಿಯನ್ ಹೆಚ್ಚುತ್ತದೆ, ಮಗುವಿಗೆ ಫಿಟ್ಸ್ ಬರುವುದು ಕಡಿಮೆಯಾಗುತ್ತದೆ, ಸೆರಿಬ್ರಲ್ ಪಾಲ್ಸಿಯಲ್ಲಿ (ಮಿದುಳಿನ ಹಾನಿಯಿಂದ ಅಂಗಾಂಗದ ಹಿಡಿತ ತಪ್ಪುವುದು) ವ್ಯತ್ಯಾಸವಿಲ್ಲ ಎಂದು, ಹಲವು ಅಧ್ಯಯನಗಳನ್ನು ಒಟ್ಟುಮಾಡಿ ತೂಗುವ ಕಾಕ್ರೇನ್ ಪರಿಶೀಲನೆ ಹೇಳಿದೆ. ಡ್ರಿಪ್ ಅಥವಾ ಎಪಿಡ್ಯೂರಲ್ ಇದ್ದರೆ, ಬಿಪಿ ಇದ್ದರೆ, ಹಳೆಯ ಸಿಸೇರಿಯನ್ ಇದ್ದರೆ ಬೆಲ್ಟ್ ಬೇಕೇ ಬೇಕು, ಆಗ "ವೈರ್‌ಲೆಸ್ ಇದೆಯಾ?" ಎಂದು ಕೇಳಿ, ಅದನ್ನು ಕಟ್ಟಿಕೊಂಡು ನಿಲ್ಲಬಹುದು, ನಡೆಯಬಹುದು. ನಿಂತು ಓಡಾಡಿಕೊಂಡಿದ್ದವರಿಗೆ ಹೆರಿಗೆಯ ಮೊದಲ ಹಂತ ಮಲಗಿದ್ದವರಿಗಿಂತ ಸರಾಸರಿ ಒಂದು ಗಂಟೆಗೂ ಹೆಚ್ಚು ಬೇಗ ಮುಗಿಯಿತೆಂದು ಇನ್ನೊಂದು ಕಾಕ್ರೇನ್ ಪರಿಶೀಲನೆಯಲ್ಲಿದೆ.

ತಿನ್ನಲು ಕುಡಿಯಲು ಬಿಡುತ್ತಾರಾ, ಯಾವ ಭಂಗಿಯಲ್ಲಾದರೂ ಹೆರಬಹುದಾ, ಹೊಕ್ಕುಳಬಳ್ಳಿ ಕತ್ತರಿಸುವ ಮೊದಲು ಕನಿಷ್ಠ ಒಂದು ನಿಮಿಷ ಬಿಡುತ್ತಾರಾ, ಮೊದಲ ಒಂದು ಗಂಟೆ ಮಗು ಎದೆಯ ಮೇಲೇ ಇರುತ್ತದಾ, ಇವನ್ನು ಬೇಗ ಬೇಗ ಕೇಳಿ ಮುಗಿಸಬಹುದು. ಎಪಿಸಿಯಾಟಮಿಗೆ "ಚೊಚ್ಚಲಿಗೆಲ್ಲ ಹಾಕುತ್ತೇವೆ" ಎಂಬ ಉತ್ತರ ಬಂದರೆ, ಹೊಟ್ಟೆಯ ಮೇಲೆ ಒತ್ತಿ ಮಗು ಹೊರಗೆ ತಳ್ಳುವ ರೂಢಿಯಿದ್ದರೆ, ಬೇರೆ ಕಡೆ ನೋಡಿ. ಎರಡನ್ನೂ ಮಾಡಬೇಡಿ ಎಂದೇ ವಿಶ್ವ ಆರೋಗ್ಯ ಸಂಸ್ಥೆಯ 2018ರ ಶಿಫಾರಸು ಇದೆ.

ನೋವು ಬರಿಸುವುದೆಂದರೆ ಸಹಜ ಹೆರಿಗೆಗೆ ಕಲ್ಲು ಹಾಕಿದಂತೆ ಎಂಬ ಮಾತು ನಮ್ಮವರಲ್ಲಿ ಬಹಳ. ಅಷ್ಟು ಸರಳವಿಲ್ಲ. ಚೊಚ್ಚಲ ಬಸುರಿಯರಿಗೆ 39ನೇ ವಾರದಲ್ಲಿ ನೋವು ಬರಿಸಿದ ಅಮೆರಿಕದ ಅರೈವ್ ಅಧ್ಯಯನದಲ್ಲಿ, 2018ರಲ್ಲಿ ಪ್ರಕಟವಾದದ್ದು, ಸಿಸೇರಿಯನ್ ಶೇ. 18.6 ಇತ್ತು, ಕಾದವರಲ್ಲಿ ಶೇ. 22.2. ಆದರೆ ಅಲ್ಲಿ ಗರ್ಭಕೋಶದ ಬಾಯಿ ಮೆತ್ತಗಾಗಲು ಬೇಕಾದಷ್ಟು ಸಮಯ ಕೊಟ್ಟಿದ್ದರು. ಬೆಳಿಗ್ಗೆ ಶುರುಮಾಡಿ ಸಂಜೆ "ಫೇಲ್ ಆಯ್ತು" ಎನ್ನುವ ಕಡೆ ಅದೇ ಫಲ ನಿರೀಕ್ಷಿಸಬೇಡಿ. ಹಾಗಾಗಿ ಪ್ರಶ್ನೆ, "ನೋವು ಬರಿಸಿದರೆ ಎಷ್ಟು ಗಂಟೆ ಕೊಡುತ್ತೀರಿ?" 41 ವಾರ ದಾಟಿದ ಮೇಲೆ ನೋವು ಬರಿಸೋಣ ಎನ್ನುವ ಡಾಕ್ಟರನ್ನಂತೂ ಶಂಕಿಸಬೇಡಿ, ವಿಶ್ವ ಆರೋಗ್ಯ ಸಂಸ್ಥೆ ಹೇಳುವುದೂ ಅದನ್ನೇ.

ನಿಜವಾದ ಪರೀಕ್ಷೆ ಬರುವುದು 36ನೇ ವಾರದ ಮೇಲೆ. ಅಲ್ಲಿಯವರೆಗೆ "ನೋಡೋಣ, ಪ್ರಯತ್ನ ಮಾಡೋಣ" ಎಂದವರ ಮಾತು ಆಗ ಬದಲಾಗುವುದುಂಟು. ಮಗು ದೊಡ್ಡದು ಎನ್ನುತ್ತಾರೆ: ಕೊನೆ ತಿಂಗಳ ಸ್ಕ್ಯಾನಿನ ತೂಕ ಶೇ. 10ರಿಂದ 15 ಆಚೀಚೆ ಇರಬಹುದು, ಮತ್ತು ತೂಕವೊಂದನ್ನೇ ನೋಡಿ ಸಿಸೇರಿಯನ್ ಯೋಚಿಸಲು ಅಮೆರಿಕದ ತಜ್ಞರ ಸಂಘ ಇಟ್ಟ ಗೆರೆ ಸಕ್ಕರೆ ಕಾಯಿಲೆ ಇಲ್ಲದವರಿಗೆ 5 ಕೆಜಿ, ಇದ್ದವರಿಗೆ 4.5 ಕೆಜಿ. ಕುತ್ತಿಗೆಗೆ ಬಳ್ಳಿ ಸುತ್ತಿದೆ ಎನ್ನುತ್ತಾರೆ: ಐದು ಮಕ್ಕಳಲ್ಲಿ ಒಂದಕ್ಕಾದರೂ ಸುತ್ತಿರುತ್ತದೆ, ತಲೆ ಹೊರಬಂದ ಮೇಲೆ ಬಿಡಿಸುವುದು ಲೇಬರ್ ರೂಮಿನ ದಿನನಿತ್ಯದ ಕೆಲಸ. ಸೊಂಟದ ಮೂಳೆ ಚಿಕ್ಕದು ಎನ್ನುತ್ತಾರೆ: ನೋವು ಶುರುವಾಗಿ ಮಗುವಿನ ತಲೆ ತಿರುಗಿ ಇಳಿಯುವವರೆಗೆ ಅದು ಗೊತ್ತಾಗುವುದಿಲ್ಲ. ನೀರು ಕಡಿಮೆ ಎನ್ನುತ್ತಾರೆ: ಹೇಗೆ ಅಳೆದಿರಿ ಎಂದು ಕೇಳಿ. ನಾಲ್ಕು ಕಡೆ ಅಳೆದು ಕೂಡಿಸುವ ಎಎಫ್‌ಐ ಲೆಕ್ಕದಲ್ಲಿ 5 ಸೆಂ.ಮೀ.ಗಿಂತ ಕಡಿಮೆ ಎಂದಾದವರಲ್ಲಿ ಹಲವರು, ಒಂದೇ ಆಳದ ಜಾಗವನ್ನು ಅಳೆಯುವ ಕ್ರಮದಲ್ಲಿ 2 ಸೆಂ.ಮೀ. ಮೀರಿ ಸರಿಯಾಗಿಯೇ ಇರುತ್ತಾರೆ. ಎಎಫ್‌ಐ ಹಿಡಿದವರು ಹೆಚ್ಚು ಜನರಿಗೆ ನೋವು ಬರಿಸುತ್ತಾರೆ, ಮಗುವಿಗೆ ಅದರಿಂದ ಹೆಚ್ಚಿನ ಲಾಭ ಕಂಡಿಲ್ಲ. ತಲೆ ಮೇಲಿದೆ ಎಂದರೆ, 36-37ನೇ ವಾರದಲ್ಲಿ ಹೊಟ್ಟೆಯ ಮೇಲಿನಿಂದ ಕೈಯಲ್ಲಿ ಮಗುವನ್ನು ತಿರುಗಿಸುವ ಇಸಿವಿ ಇಲ್ಲಿ ಮಾಡುತ್ತಾರಾ ಎಂದು ವಿಚಾರಿಸಿ. ಹೆಚ್ಚುಕಡಿಮೆ ಅರ್ಧದಷ್ಟು ಸಲ ತಿರುಗುತ್ತದೆ.

ಮಾಸು ಗರ್ಭಕೋಶದ ಬಾಯಿಯನ್ನು ಮುಚ್ಚಿದೆ, ಮಗು ಅಡ್ಡ ಮಲಗಿದೆ, ನೀರು ಒಡೆದು ಹೊಕ್ಕುಳಬಳ್ಳಿ ಮೊದಲು ಜಾರಿದೆ, ಇಂಥಲ್ಲಿ ಚರ್ಚೆಗೆ ಕೂರಬೇಡಿ. "ನಮ್ಮಲ್ಲಿ ನೂರಕ್ಕೆ ನೂರು ನಾರ್ಮಲ್" ಎಂದು ಭರವಸೆ ಕೊಡುವವರನ್ನೂ ಅಷ್ಟೇ ಅನುಮಾನದಿಂದ ನೋಡಿ. ಯಾವಾಗ ಕೊಯ್ಯುತ್ತೇನೆ ಎಂದು ಮೊದಲೇ ಬಿಡಿಸಿ ಹೇಳಬಲ್ಲವರು ನಮ್ಮ ಮಟ್ಟಿಗೆ ಹೆಚ್ಚು ನಂಬಿಕಸ್ಥರು. ಇಂಗ್ಲೆಂಡಿನ 2011ರ ಬರ್ತ್‌ಪ್ಲೇಸ್ ಅಧ್ಯಯನದಲ್ಲಿ, ಮನೆಯಲ್ಲಿ ಹೆರಲು ಹೊರಟ ಚೊಚ್ಚಲಿನವರಲ್ಲಿ ಶೇ. 45 ಜನರನ್ನು ಆಸ್ಪತ್ರೆಗೆ ಸಾಗಿಸಬೇಕಾಯಿತು. ಬರ್ತ್ ಸೆಂಟರ್ (ಮಿಡ್‌ವೈಫ್‌ಗಳು ನಡೆಸುವ ಹೆರಿಗೆ ಕೇಂದ್ರ) ಆರಿಸುವುದಾದರೆ ಆಪರೇಷನ್ ಥಿಯೇಟರಿಗೆ ಎಷ್ಟು ನಿಮಿಷದ ದಾರಿ, ರಾತ್ರಿ ಅರಿವಳಿಕೆ ತಜ್ಞರು ಆಸ್ಪತ್ರೆಯಲ್ಲೇ ಇರುತ್ತಾರಾ ಎಂದು ಕೇಳದೆ ಸಹಿ ಹಾಕಬೇಡಿ.

ಹಿಂದೊಂದು ಸಿಸೇರಿಯನ್ ಆಗಿ ಈಗ ಸಹಜ ಹೆರಿಗೆ ಬಯಸುವವರಿಗೆ ಕಾಗದವೇ ಪ್ರಾಣ. ಪ್ರಯತ್ನಿಸಿದವರಲ್ಲಿ ಸುಮಾರು ನಾಲ್ವರಲ್ಲಿ ಮೂವರಿಗೆ ಸಹಜವಾಗಿಯೇ ಆಗುತ್ತದೆ, ಹಳೆಯ ಹೊಲಿಗೆ ಬಿಚ್ಚುವ ಅಪಾಯ ಇನ್ನೂರಕ್ಕೆ ಒಂದರಷ್ಟು. ಆದರೆ ಈ ಲೆಕ್ಕ ಗರ್ಭಕೋಶದ ಕೆಳಭಾಗದಲ್ಲಿ ಅಡ್ಡ ಕೊಯ್ದವರಿಗೆ. ಮೇಲ್ಭಾಗದಲ್ಲಿ ಉದ್ದಕ್ಕೆ ಕೊಯ್ದಿದ್ದರೆ ಪ್ರಯತ್ನವೇ ಕೂಡದು, ಮತ್ತು ಹೊಟ್ಟೆಯ ಮೇಲಿನ ಗಾಯದ ಗುರುತು ನೋಡಿದರೆ ಒಳಗಿನದು ಗೊತ್ತಾಗುವುದಿಲ್ಲ. ಡಿಸ್ಚಾರ್ಜ್ ಸಮ್ಮರಿ ಸಾಲದು, ಆಪರೇಷನ್ ನೋಟ್ ಎಂದೇ ಬರೆದು ಕೇಳಿ ತರಿಸಿಕೊಳ್ಳಿ. ಅದಿಲ್ಲದಿದ್ದರೆ ಹೊಸ ಡಾಕ್ಟರ್ ಹೊಣೆ ಹೊರಲು ಹಿಂಜರಿಯುವುದು ಸಹಜ.

ಉಳಿದವರ ಫೈಲಿನಲ್ಲಿ 14 ವಾರದೊಳಗಿನ ಸ್ಕ್ಯಾನ್ ಮುಖ್ಯ, ಏಕೆಂದರೆ ಹೆರಿಗೆ ದಿನಾಂಕ ನಿಲ್ಲುವುದು ಅದರ ಮೇಲೆ, 41 ವಾರದ ಗಡುವು ನಿಲ್ಲುವುದು ಆ ದಿನಾಂಕದ ಮೇಲೆ. ಫ್ರಾನ್ಸಿನಲ್ಲಿ ಹೆರಿಗೆ ದಿನವನ್ನು 40ರ ಬದಲು 41 ವಾರಕ್ಕೆ ಲೆಕ್ಕ ಹಾಕುತ್ತಾರೆ. ಅಲ್ಲಿಂದ ಬೇರೆ ದೇಶಕ್ಕೆ ಬಂದವರ ದಿನಾಂಕ ಒಂದು ವಾರ ಕದಲಿದ್ದರೆ ಅದಕ್ಕೆ ಇದೇ ಕಾರಣ. ತಾರೀಖಿನಲ್ಲಿ ತಿಂಗಳ ಹೆಸರನ್ನು ಅಕ್ಷರದಲ್ಲೇ ಬರೆಸಿ, 04/05 ಎಂಬುದನ್ನು ಒಂದು ದೇಶ ಮೇ 4 ಎಂದೂ ಇನ್ನೊಂದು ಏಪ್ರಿಲ್ 5 ಎಂದೂ ಓದುತ್ತದೆ. ರಕ್ತದ ಗುಂಪು ನೆಗೆಟಿವ್ ಇದ್ದರೆ ಆಂಟಿ-ಡಿ ಚುಚ್ಚುಮದ್ದು ಕೊಟ್ಟ ದಿನ ಇರಲಿ. ಮಾತ್ರೆಗಳ ಬ್ರ್ಯಾಂಡ್ ಹೆಸರು ಬೇರೆ ದೇಶದಲ್ಲಿ ಯಾರಿಗೂ ತಿಳಿಯುವುದಿಲ್ಲ, ಔಷಧದ ಮೂಲ ಹೆಸರು ಮತ್ತು ಮಿಲಿಗ್ರಾಂ ಬರೆಸಿ.

ಡಾಕ್ಟರನ್ನು ಬದಲಿಸುವ ಮನಸ್ಸಿದ್ದರೆ 32 ವಾರದೊಳಗೆ ಬದಲಿಸಿ. 36 ದಾಟಿದವರನ್ನು ಹೊಸದಾಗಿ ಸೇರಿಸಿಕೊಳ್ಳಲು ಅನೇಕರು ಒಪ್ಪುವುದಿಲ್ಲ, ಒಂದೇ ಮಗುವಿರುವವರನ್ನೂ ಹೆಚ್ಚಿನ ವಿಮಾನ ಕಂಪನಿಗಳು 36 ವಾರದ ಮೇಲೆ ಹತ್ತಿಸುವುದಿಲ್ಲ. ವಿಮೆಯಲ್ಲಿ ಹೆರಿಗೆಗೆ ಕಾಯುವ ಅವಧಿ ಇದೆಯೇ, ಡಾಕ್ಟರ್, ಆಸ್ಪತ್ರೆ, ಅರಿವಳಿಕೆ ತಜ್ಞರು ಮೂವರೂ ಅದರ ಪಟ್ಟಿಯಲ್ಲಿದ್ದಾರೆಯೇ ಎಂದು ಬರಹದಲ್ಲಿ ಪಡೆಯಿರಿ. ಮೂವರ ಬಿಲ್ ಬೇರೆ ಬೇರೆ ಬರುವ ದೇಶಗಳಿವೆ.

ಭಾಷೆಯ ವಿಷಯ. ಗಂಡ ಭಾಷಾಂತರಿಸುತ್ತಾನೆ ಎಂದು ಬಿಟ್ಟುಬಿಡಬೇಡಿ. ಹೆಂಡತಿ ನೋವಿನಲ್ಲಿ ಕೂಗುತ್ತಿರುವಾಗ ಅವನಿಗೇ ಅರ್ಧ ಮಾತು ಕೇಳಿಸುವುದಿಲ್ಲ, ಕೇಳಿಸಿದ್ದರಲ್ಲಿ ಹೆದರಿಸುವಂಥದ್ದನ್ನು ನುಂಗಿಬಿಡುತ್ತಾನೆ. ಅಮೆರಿಕದಲ್ಲಿ ಫೆಡರಲ್ ಹಣ ಪಡೆಯುವ ಆಸ್ಪತ್ರೆಗಳು ದುಭಾಷಿಯನ್ನು ಉಚಿತವಾಗಿ ಕೊಡಬೇಕು, ಬೇರೆ ದೇಶಗಳಲ್ಲೂ ಫೋನಿನಲ್ಲಿ ದುಭಾಷಿ ಸಿಗುವುದುಂಟು. ಯಾವ ಭಾಷೆ ಬೇಕೆಂದು ಫೈಲಿನ ಮೇಲೆಯೇ ಬರೆಸಿಡಿ. ಆ ದೇಶದ ಭಾಷೆಯಲ್ಲಿ ನೀವೂ ನಾಲ್ಕು ವಾಕ್ಯ ಬಾಯಿಪಾಠ ಮಾಡಿ: "ಇದು ಈಗಲೇ ಆಗಬೇಕಾ?" "ಒಂದು ಗಂಟೆ ಕಾದರೆ ಏನಾಗುತ್ತದೆ?" "ಬೇರೆ ದಾರಿ ಏನಿದೆ?" "ನಾನು ಮಗ್ಗುಲಾಗಬೇಕು." ಜೊತೆಗೆ ಯಾರನ್ನು, ಎಷ್ಟು ಜನರನ್ನು ಒಳಗೆ ಬಿಡುತ್ತಾರೆ ಎಂಬುದನ್ನೂ ಕೇಳಿ. ಹೆರಿಗೆಯುದ್ದಕ್ಕೂ ಒಬ್ಬರು ಬಿಡದೆ ಜೊತೆಗಿದ್ದರೆ ಸಹಜ ಹೆರಿಗೆ ಹೆಚ್ಚುತ್ತದೆ, ಸಿಸೇರಿಯನ್ ಇಳಿಯುತ್ತದೆ ಎಂದು 26 ಅಧ್ಯಯನಗಳನ್ನು ಒಟ್ಟುಮಾಡಿದ 2017ರ ಕಾಕ್ರೇನ್ ಪರಿಶೀಲನೆ ಹೇಳಿದೆ. ಡೌಲಾ (ಹೆರಿಗೆಯಲ್ಲಿ ಜೊತೆಗಿದ್ದು ಧೈರ್ಯ ಕೊಡುವ ಸಹಾಯಕಿ) ಇಟ್ಟುಕೊಳ್ಳುವುದಾದರೆ, ಗಂಡನನ್ನು ಬಿಟ್ಟು ಇನ್ನೊಬ್ಬರಿಗೆ ಅವಕಾಶವಿಲ್ಲದ ಆಸ್ಪತ್ರೆಗಳಿವೆ ಎಂಬುದು ನೆನಪಿರಲಿ.

ಬರ್ತ್ ಪ್ಲ್ಯಾನ್, ಅಂದರೆ ಹೆರಿಗೆಯಲ್ಲಿ ನಿಮಗೇನು ಬೇಕು ಎಂಬ ಪಟ್ಟಿ, ಒಂದು ಪುಟ ಮೀರದಿರಲಿ. ಐದು ಪುಟ ಓದುವ ಪುರಸೊತ್ತು ಡ್ಯೂಟಿ ನರ್ಸಿಗಿಲ್ಲ. ಮೇಲೆ ಅಲರ್ಜಿ, ರಕ್ತದ ಗುಂಪು, ಭಾಷೆ. ಕೆಳಗೆ ಎಂಟು ಹತ್ತು ಸಾಲು, ಆ ದೇಶದ ಭಾಷೆಯಲ್ಲಿ. ಕೊನೆಗೆ ಸಿಸೇರಿಯನ್ ಆಗಲೇಬೇಕಾದರೆ ಏನೇನು ಬೇಕೆಂದು ಮೂರು ಸಾಲು. ಡಾಕ್ಟರ ಸಹಿ ಮಾಡಿಸಿ ಮೂರು ಪ್ರತಿ ಇಟ್ಟುಕೊಳ್ಳಿ, ಶಿಫ್ಟ್ ಬದಲಾದಾಗೆಲ್ಲ ಹೊಸಬರ ಕೈಗೆ ಒಂದು ಕೊಡಿ. ಹೇಳಿ ಒಪ್ಪಿಸಿದ್ದೆಲ್ಲ ಮರೆತುಹೋಗುವುದು ಹೆಚ್ಚಾಗಿ ಆ ಬದಲಾವಣೆಯ ಹೊತ್ತಿನಲ್ಲೇ.

ಆಸ್ಪತ್ರೆಯನ್ನು ಅಂತಿಮ ಮಾಡುವ ಮುಂಚೆ ಒಂದು ಸಲ ರಾತ್ರಿ ಹತ್ತರ ಮೇಲೆ ಅಲ್ಲಿನ ಲೇಬರ್ ವಾರ್ಡಿಗೆ ನೇರವಾಗಿ ಫೋನ್ ಮಾಡಿ. ಎಷ್ಟು ನಿಮಿಷಕ್ಕೊಮ್ಮೆ ನೋವು ಬಂದರೆ ಹೊರಡಬೇಕು, ದುಭಾಷಿ ಈ ಹೊತ್ತಿನಲ್ಲಿ ಸಿಗುತ್ತಾರಾ, ಇವತ್ತು ಡ್ಯೂಟಿಯಲ್ಲಿ ಮಿಡ್‌ವೈಫ್ ಇದ್ದಾರಾ ಎಂದು ವಿಚಾರಿಸಿ. ಹಗಲಿನ ರಿಸೆಪ್ಷನ್ ಹೇಳಿದ್ದಕ್ಕೂ ರಾತ್ರಿಯ ಉತ್ತರಕ್ಕೂ ತಾಳೆಯಾಗದಿದ್ದರೆ ರಾತ್ರಿಯದನ್ನೇ ನಂಬಿ.

ಇತಿ,
ಪರದೇಶದಲ್ಲಿ ಹೆರುವ ಹೆಂಗಸರ ಜೊತೆ ಕೆಲಸ ಮಾಡುವವರು